300 ಪ್ರತಿಗೆ ಆಫ್‌ಸೆಟ್ಟೋ, ಡಿಜಿಟಲ್ಲೋ: ಬೆಳಗಾವಿಯ ಒಂದು ಮುದ್ರಣಾಲಯ

ತಂದೆಯವರ ಲೇಖನಗಳ ಸಂಕಲನವನ್ನು ಡೆಮಿ 1/8 ಆಕಾರದಲ್ಲಿ (ಸಾಮಾನ್ಯ ಪುಸ್ತಕದ ಅಳತೆ), 192 ಪುಟಗಳಲ್ಲಿ, 300 ಪ್ರತಿ ಅಚ್ಚು ಹಾಕಿಸಲು ಬೆಳಗಾವಿಯ ಶಹಾಪುರ ಭಾಗದ ಮುದ್ರಣಾಲಯವೊಂದಕ್ಕೆ ಕೊಟ್ಟಿದ್ದೆವು. ಆಫ್‌ಸೆಟ್ ಆದರೆ ಪುಟಗಳನ್ನು ಫಾರ್ಮುಗಳಾಗಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಗುಂಪುಗಳಾಗಿ ಜೋಡಿಸಿ ಪ್ರತಿಯೊಂದಕ್ಕೂ ಪ್ಲೇಟು (ಅಚ್ಚೊತ್ತುವ ಲೋಹದ ತಗಡು) ಮಾಡಿಸಬೇಕು. ಆ ಖರ್ಚು 300 ಪ್ರತಿಗೂ 2000 ಪ್ರತಿಗೂ ಒಂದೇ ಆಗಿರುವುದರಿಂದ ಕಡಿಮೆ ಪ್ರತಿ ಹಾಕಿಸುವವರಿಗೆ ಅದು ಭಾರವಾಗುತ್ತದೆ. ಡಿಜಿಟಲ್‌ನಲ್ಲಿ ಪ್ಲೇಟಿಲ್ಲದೆ ಕಂಪ್ಯೂಟರಿನ ಕಡತದಿಂದಲೇ ನೇರವಾಗಿ ಅಚ್ಚಾಗುತ್ತದೆ. ‘ಸಾವಿರ ದಾಟಿದ್ರ ಆಫ್‌ಸೆಟ್ ಮಾಡ್ಸ್ರಿ ಸರ್, ಇಷ್ಟಕ್ಕ ಡಿಜಿಟಲ್ ಸಾಕ್ರಿ’ ಎಂದು ಮಾಲೀಕರು ತಾವಾಗಿಯೇ ಹೇಳಿದರು. ದೊಡ್ಡ ಬಿಲ್ಲು ಮಾಡುವ ಅವಕಾಶವನ್ನು ಬಿಟ್ಟುಕೊಟ್ಟ ಈ ಮಾತಿಗೇ ನನ್ನ ಅರ್ಧ ಮೆಚ್ಚುಗೆ ಸಲ್ಲಬೇಕು.

‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿದ್ದ ಹಳೆಯ ಕಡತವನ್ನು ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರಸಂಕೇತಕ್ಕೆ ಬದಲಿಸಿದಾಗ ಅಲ್ಲಲ್ಲಿ ಅರ್ಕಾವತ್ತು ಸ್ಥಳ ತಪ್ಪಿತ್ತು. ಅವರು ಪೂರ್ತಿ ಮುದ್ರಿಸುವ ಮೊದಲು ಒಂದೇ ಒಂದು ಮಾದರಿ ಪ್ರತಿ ತೆಗೆದುಕೊಟ್ಟಿದ್ದರಿಂದ ಅದು ಕಣ್ಣಿಗೆ ಬಿತ್ತು. ಪ್ಲೇಟಿನ ಗೊಡವೆಯಿಲ್ಲದ ಡಿಜಿಟಲ್‌ನ ನಿಜವಾದ ಅನುಕೂಲ ಇದೇ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್‌ಲಿಥೊ ಎಂಬ ಮುದ್ರಣ ಕಾಗದದ ಮೇಲೆ ಒತ್ತಕ್ಷರಗಳು ಕೂಡಿಕೊಳ್ಳದೆ ಸ್ಪಷ್ಟವಾಗಿ ಮೂಡಿವೆ. ಆದರೆ ಕಪ್ಪುಬಿಳುಪು ಫೋಟೊಗಳ ನೆರಳು ಭಾಗದಲ್ಲಿ ಟೋನರಿನ (ಡಿಜಿಟಲ್ ಯಂತ್ರದ ಪುಡಿ ಶಾಯಿ) ಹೊಳಪು ಎದ್ದು ಕಾಣುತ್ತದೆ. ಚಿತ್ರಗಳೇ ಮುಖ್ಯವಾದ ಪುಸ್ತಕಕ್ಕೆ ನಾನು ಇದನ್ನು ಆರಿಸಲಾರೆ.

ಬೈಂಡಿಂಗ್ ಮಾತ್ರ ಸಾಧಾರಣ. ಬಿಡಿ ಹಾಳೆಗಳ ಬೆನ್ನಿಗೆ ಬರೀ ಅಂಟು ಹಾಕಿರುವುದರಿಂದ ಪುಸ್ತಕ ಅಗಲವಾಗಿ ತೆರೆದುಕೊಳ್ಳುವುದಿಲ್ಲ, ಒಳಅಂಚಿನ ಸಾಲುಗಳನ್ನು ಒತ್ತಿ ಹಿಡಿದೇ ಓದಬೇಕು. ಇಲ್ಲಿಗೆ ಕೊಡುವವರು ಒಳಅಂಚನ್ನು ಸ್ವಲ್ಪ ಧಾರಾಳವಾಗಿ ಬಿಟ್ಟು ಪುಟ ವಿನ್ಯಾಸ ಮಾಡಿಸುವುದು ಒಳ್ಳೆಯದು.