ಕೋಯಾಸಾನ್ ಬೆಟ್ಟದ ಮಠದಲ್ಲಿ ತಂಗುವುದು: ಹೇಗಿದೆ, ಏನೇನು ತಯಾರಿ ಬೇಕು

ಜಪಾನಿಗೆ ಹೊರಟ ಸಸ್ಯಾಹಾರಿಗಳೆಲ್ಲ ಮೊದಲು ಕೇಳುವುದು ಒಂದೇ, ಅಲ್ಲಿ ಊಟಕ್ಕೆ ಏನು ಮಾಡೋದು ಅಂತ. ಕಷ್ಟ ನಿಜವೇ. ಬರೀ ತರಕಾರಿ ಕಾಣುವ ಮಿಸೊ ಸೂಪಿನಲ್ಲೂ, ಉದೊನ್ ನೂಡಲ್ಸಿನ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರು ಇರುತ್ತದೆ. ಅದನ್ನು ಮೀನು ಅಂತ ತುಂಬಾ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಕೇಳಿದರೂ ಸರಿಯಾದ ಉತ್ತರ ಸಿಗುವುದು ಕಷ್ಟ. ಅದಕ್ಕೇ ಒಸಾಕಾ ಕಡೆ ಹೋಗುವವರಿಗೆ ನಾನು ಹೇಳುವುದು, ಒಂದು ರಾತ್ರಿಯಾದರೂ ಕೋಯಾಸಾನ್ ಬೆಟ್ಟಕ್ಕೆ ಹೋಗಿ ಅಲ್ಲಿನ ಮಠದಲ್ಲಿ ಉಳಿಯಿರಿ. ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಡೀ ಪ್ರವಾಸದಲ್ಲಿ ಅಮ್ಮ ಏನನ್ನೂ ವಿಚಾರಿಸದೆ ಹೊಟ್ಟೆ ತುಂಬ ಉಂಡದ್ದು ಅಲ್ಲಿ. ಆದರೆ ಇದು ಹೋಟೆಲ್ ಅಲ್ಲ. ಹೋಟೆಲ್ ಅಂದುಕೊಂಡು ಹೋದವರಿಗೆ ಬೇಜಾರಾಗುತ್ತದೆ. ಮಠ ಅಂತ ತಿಳಿದು ತಯಾರಾಗಿ ಹೋದರೆ ಕೊಟ್ಟ ದುಡ್ಡು ಸಾರ್ಥಕ.

ಕೋಯಾಸಾನ್ ಇರುವುದು ವಕಾಯಾಮಾ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿ. ಕೂಕಾಯ್ ಎಂಬ ಸನ್ಯಾಸಿ ಚೀನಾದಲ್ಲಿ ಕಲಿತು ಬಂದು, 816ರಲ್ಲಿ ಈ ಬೆಟ್ಟದ ಮೇಲೆ ಶಿಂಗೋನ್ ಬೌದ್ಧ ಪಂಥಕ್ಕೆ ನೆಲೆ ಮಾಡಿದರು. ಈಗ ಇಲ್ಲಿ 117 ದೇವಾಲಯಗಳಿವೆ, ಅದರಲ್ಲಿ 50ರಷ್ಟು ಕಡೆ ಯಾತ್ರಿಕರು ತಂಗಬಹುದು. ಇದಕ್ಕೆ ಅಲ್ಲಿ ಶುಕುಬೊ ಅಂತಾರೆ. ನಾವಿದ್ದ ಮಠದ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಇಲ್ಲಿ ಹೇಳುವುದು ಹೆಚ್ಚುಕಮ್ಮಿ ಎಲ್ಲ ಕಡೆಗೂ ಹೊಂದುತ್ತದೆ.

ಒಸಾಕಾದ ನಂಬಾ ನಿಲ್ದಾಣದಿಂದ ನಂಕಾಯ್ ರೈಲು ಹತ್ತಿ ಗೊಕುರಾಕುಬಾಶಿಯಲ್ಲಿ ಇಳಿಯಬೇಕು, ಅಲ್ಲಿಂದ ಐದು ನಿಮಿಷ ಕೇಬಲ್ ಕಾರು, ಮೇಲೆ ಹೋದ ಮೇಲೆ ಬಸ್ಸು. ಆ ಬಸ್ಸಿನ ರಸ್ತೆಯಲ್ಲಿ ನಡೆಯುವ ಹಾಗಿಲ್ಲ. ಇಷ್ಟು ಸಲ ಹತ್ತಿ ಇಳಿಯುವಾಗ ದೊಡ್ಡ ಸೂಟ್‌ಕೇಸ್ ಇದ್ದರೆ ಸುಸ್ತಾಗಿಬಿಡುತ್ತೀರಿ. ಅದನ್ನು ಒಸಾಕಾದ ಹೋಟೆಲಿನಲ್ಲೋ ನಂಬಾದ ಲಾಕರಿನಲ್ಲೋ ಇಟ್ಟು, ಒಂದು ಚಿಕ್ಕ ಬ್ಯಾಗ್ ಮಾತ್ರ ತೆಗೆದುಕೊಂಡು ಹೋಗಿ.

ಹೊತ್ತಿನ ವಿಷಯದಲ್ಲಿ ಇಲ್ಲಿ ರಿಯಾಯಿತಿ ಇಲ್ಲ. ರಾತ್ರಿ ಊಟ ಸಂಜೆ ಐದೂವರೆ, ಆರಕ್ಕೆಲ್ಲ ಬಡಿಸುತ್ತಾರೆ, ಅಷ್ಟರೊಳಗೆ ನೀವು ಮುಟ್ಟಿರಬೇಕು. ತಡವಾದರೆ ಬಿಸಿ ಮಾಡಿ ಕೊಡೋಣ ಅನ್ನುವ ವ್ಯವಸ್ಥೆ ನಿರೀಕ್ಷಿಸಬೇಡಿ. ಊರಿನ ಅಂಗಡಿಗಳೂ ಬೇಗ ಮುಚ್ಚುತ್ತವೆ.

ಇನ್ನು ಊಟ. ಇದರ ಹೆಸರು ಶೋಜಿನ್ ರ್‍ಯೋರಿ. ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಒಣಮೀನಿನ ಬದಲು ಕೊಂಬು ಅನ್ನುವ ಕಡಲಪಾಚಿ ಮತ್ತು ಒಣ ಅಣಬೆ. ಒಬ್ಬೊಬ್ಬರ ಮುಂದೆ ಕೆಂಪು ಅರಗಿನ ಪುಟ್ಟ ಮಣೆ ಇಟ್ಟು, ಅದರ ಮೇಲೆ ಬಟ್ಟಲು ಬಟ್ಟಲಾಗಿ ಜೋಡಿಸುತ್ತಾರೆ. ಎಳ್ಳನ್ನು ನುಣ್ಣಗೆ ಅರೆದು ಕುಡ್ಜು ಗೆಡ್ಡೆಯ ಹಿಟ್ಟಿನ ಜೊತೆ ಕಾಯಿಸಿ ಹೆಪ್ಪಾಗಿಸಿದ ಗೊಮಾದೋಫು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ತೋಫು ಅಂದರೆ ಸೋಯಾ ಹಾಲಿನ ಪನೀರು, ಆದರೆ ಹೆಸರಲ್ಲಿ ಅದಿದ್ದರೂ ಇದರಲ್ಲಿ ಸೋಯಾ ಇಲ್ಲ. ಚಾಪ್‌ಸ್ಟಿಕ್‌ನಲ್ಲಿ ಎತ್ತಿದರೆ ಅಲುಗಾಡುತ್ತದೆ, ಬಾಯಿಗೆ ಹಾಕಿದರೆ ಎಳ್ಳಿನ ಘಮ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಈ ಬೆಟ್ಟದ್ದೇ ಹೆಸರಿರುವ ಕೋಯಾದೋಫು ಬೇರೆ ಥರ. ಅದು ಸೋಯಾ ತೋಫುವನ್ನೇ ಮಂಜುಗಟ್ಟಿಸಿ ಒಣಗಿಸಿದ್ದು, ಸಾರಿನಲ್ಲಿ ನೆನೆದು ರಸ ತುಂಬಿಕೊಂಡಿರುತ್ತದೆ, ಕಚ್ಚಿದ ಕೂಡಲೇ ಬಿಸಿ ರಸ ಬಾಯಿ ತುಂಬುತ್ತದೆ. ತರಕಾರಿ ತೆಂಪುರಾ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಅನ್ನ. ಖಾರ ಹುಡುಕಬೇಡಿ. ಮೊದಲ ತುತ್ತು ಸಪ್ಪೆ ಅನಿಸುತ್ತದೆ, ಅಪ್ಪ ಚಟ್ನಿಪುಡಿ ಡಬ್ಬಿಗೆ ಕೈ ಹಾಕಿದ್ದರು, ಅಮ್ಮ ಬೇಡ ಅಂದರು. ಅಮ್ಮ ಹೇಳಿದ್ದೇ ಸರಿ. ಸನ್ಯಾಸಿಗಳು ಅಷ್ಟು ನಾಜೂಕಾಗಿ ಮಾಡಿದ ಅಡುಗೆಯ ಮೇಲೆ ಅದನ್ನು ಉದುರಿಸುವುದು ಮರ್ಯಾದೆ ಅಲ್ಲ, ಅಲ್ವಾ. ಇನ್ನೊಂದು ಮಾತು, ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬೇಡಿ. ಎರಡೂ ಅಲ್ಲಿ ಸಾವಿನ ಕರ್ಮಕ್ಕೆ ಸೇರಿದ ಕ್ರಮಗಳು.

ನಮಗೆ ಸಿಟ್ಟು ಬಂದದ್ದು ಒಂದೇ ವಿಷಯಕ್ಕೆ. ಅಪ್ಪನಿಗೆ ಮಂಡಿನೋವು, ಕುರ್ಚಿ ಬೇಕು ಅಂತ ಬುಕ್ ಮಾಡುವಾಗಲೇ ಬರೆದಿದ್ದೆ, ಆಯ್ತು ಅಂದಿದ್ದರು. ಹೋಗಿ ನೋಡಿದರೆ ಕೊಟ್ಟದ್ದು ಕಾಲಿಲ್ಲದ ಕುರ್ಚಿ, ಬೆನ್ನಿಗೆ ಮಾತ್ರ ಆಸರೆ, ಕೂರುವುದು ನೆಲದ ಮೇಲೇ. ಎರಡು ಮೂರು ದಿಂಬು ಪೇರಿಸಿ ಹೇಗೋ ಊಟ ಮುಗಿಸಿದರು. ಹಿರಿಯರನ್ನು ಕರೆದೊಯ್ಯುವವರು "ಕಾಲಿರುವ ಎತ್ತರದ ಕುರ್ಚಿ ಮತ್ತು ಮೇಜು" ಅಂತಲೇ ಬರೆದು ಕೇಳಿ, ಬೆಳಗಿನ ಪೂಜೆ ನಡೆಯುವ ಜಾಗದಲ್ಲೂ ಕುರ್ಚಿ ಇದೆಯಾ ಅಂತ ವಿಚಾರಿಸಿ. ಮಲಗುವುದೂ ನೆಲದ ಹಾಸಿಗೆಯಲ್ಲೇ.

ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಅದು ನಮಗೇನೂ ಹೊಸದಲ್ಲ. ಆಮೇಲೆ ಓಡಾಡಲು ಒಂದು ಸ್ಲಿಪ್ಪರ್ ಕೊಡುತ್ತಾರೆ, ಚಾಪೆ ಹಾಸಿದ ಕೋಣೆಗೆ ಅದನ್ನೂ ಹಾಕಿಕೊಂಡು ಹೋಗುವಂತಿಲ್ಲ, ಶೌಚಾಲಯಕ್ಕೆ ಬೇರೆಯೇ ಸ್ಲಿಪ್ಪರ್. ತುಂಬಾ ಮಠಗಳಲ್ಲಿ ಶೌಚಾಲಯ, ಸ್ನಾನ ಎರಡೂ ಸಾಮೂಹಿಕ. ಸ್ನಾನಕ್ಕೆ ಗಂಡಸರು ಹೆಂಗಸರಿಗೆ ಬೇರೆ ಬೇರೆ ಜಾಗ ಇದೆ, ಆದರೆ ಒಳಗೆ ಮೈಮೇಲೆ ಬಟ್ಟೆ ಇರುವ ಹಾಗಿಲ್ಲ. ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ಪೂರ್ತಿ ತೊಳೆದುಕೊಂಡ ಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು, ಟವೆಲ್ಲನ್ನು ನೀರಿಗೆ ಅದ್ದಬಾರದು. ಇದು ಕಷ್ಟ ಅನಿಸುವವರು ಸ್ವಂತ ಬಚ್ಚಲು ಇರುವ ಕೋಣೆಯನ್ನೇ ಹುಡುಕಿ, ರೇಟು ಜಾಸ್ತಿಯಾದರೂ ಪರವಾಗಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿ, ಅಲ್ಲಿ ಹೋಗಿ ಮುಜುಗರ ಪಡುವುದು ಯಾಕೆ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಸಾಕಾದಲ್ಲಿ ತೆಳ್ಳಗಿನ ಅಂಗಿಯಲ್ಲಿ ಓಡಾಡಿದ ದಿನವೂ ಮೇಲೆ ಸ್ವೆಟರ್ ಬೇಕಾಗುತ್ತದೆ. ಕೋಣೆಗಳಿಗೆ ಕಾಗದದ ಬಾಗಿಲು. ಕೋಣೆಯೊಳಗೆ ಹೀಟರ್ ಇದ್ದರೂ ಹೊರಗಿನ ಕಾರಿಡಾರ್ ಕೊರೆಯುತ್ತದೆ. ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ನೆಗಡಿ ಮಾತ್ರೆಯ ಬಗ್ಗೆಯೂ ಹೇಳಬೇಕು. ಸೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ಔಷಧಿಯನ್ನು ಜಪಾನಿನೊಳಗೆ ಒಯ್ಯುವಂತಿಲ್ಲ. ಮನೆಯಲ್ಲಿ ಬಿದ್ದಿರುವ ಮಾತ್ರೆಗಳನ್ನೆಲ್ಲ ಸುಮ್ನೆ ತುಂಬಿಕೊಳ್ಳದೆ ಚೀಟಿ ಓದಿ, ಬಿಪಿ ಶುಗರ್ ಮಾತ್ರೆಗೆ ಡಾಕ್ಟರ ಚೀಟಿ ಜೊತೆಗಿರಲಿ. ಹಸಿ ಕರಿಬೇವು, ಹಣ್ಣು ಮನೆಯಲ್ಲೇ ಬಿಟ್ಟು ಹೋಗಿ.

ಬೆಳಗ್ಗೆ ಆರು, ಆರೂವರೆಗೆ ಪೂಜೆ. ಕಡ್ಡಾಯ ಅಲ್ಲ, ಆದರೆ ಅದನ್ನು ತಪ್ಪಿಸಿಕೊಂಡರೆ ಇಷ್ಟು ದೂರ ಬಂದು ಮಠದಲ್ಲಿ ಉಳಿದದ್ದಕ್ಕೆ ಅರ್ಥವೇ ಇಲ್ಲ ಅಂತ ನನ್ನ ಅಭಿಪ್ರಾಯ. ಕೆಲವು ಮಠಗಳಲ್ಲಿ ಹೋಮವೂ ಇರುತ್ತದೆ, ಭಾರತದಿಂದ ಚೀನಾಕ್ಕೆ ಹೋಗಿ ಅಲ್ಲಿಂದ ಬಂದ ಪದ್ಧತಿ. ಸನ್ಯಾಸಿ ಮಂತ್ರ ಹೇಳುತ್ತಾ ಕುಂಡಕ್ಕೆ ಸಮಿತ್ತು ಹಾಕುವುದನ್ನು ನೋಡಿ ಅಮ್ಮ ತಾನಾಗಿಯೇ ಕೈಮುಗಿದರು.

ತಿಂಡಿ ಮುಗಿಸಿ ಒಕುನೊಯಿನ್‌ಗೆ ನಡೆಯಿರಿ. ದೊಡ್ಡ ದೇವದಾರು ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ 2 ಲಕ್ಷಕ್ಕೂ ಜಾಸ್ತಿ ಸಮಾಧಿಗಳು. ಐದು ಅಂತಸ್ತಿನ ಕಲ್ಲುಗಳನ್ನು ಹತ್ತಿರ ಹೋಗಿ ನೋಡಿ. ಕೆಳಗಿನ ಚೌಕ ಭೂಮಿ, ಅದರ ಮೇಲಿನ ಗುಂಡು ನೀರು, ಆಮೇಲೆ ಬೆಂಕಿ, ಗಾಳಿ, ತುದಿಯಲ್ಲಿ ಆಕಾಶ. ಪಂಚಭೂತಗಳೇ. ಕೆಲವದರ ಮೇಲೆ ಸಿದ್ಧಂ ಲಿಪಿಯ ಸಂಸ್ಕೃತ ಅಕ್ಷರಗಳೂ ಇವೆ. ದಾರಿಯ ಕೊನೆಯಲ್ಲಿ ಕೂಕಾಯ್ ಇದ್ದಾರೆ. 835ರಿಂದ ಅವರು ಧ್ಯಾನದಲ್ಲೇ ಕುಳಿತಿದ್ದಾರೆ ಅನ್ನುವುದು ಭಕ್ತರ ನಂಬಿಕೆ, ದಿನಕ್ಕೆ ಎರಡು ಸಲ, ಬೆಳಗ್ಗೆ 6ಕ್ಕೆ ಮತ್ತು 10.30ಕ್ಕೆ, ಅವರಿಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ಮಂತ್ರಾಲಯದ ರಾಯರ ಬೃಂದಾವನಕ್ಕೆ ನಡೆದುಕೊಳ್ಳುವ ನಮ್ಮ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗೊಬ್ಯೋಬಾಶಿ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯುವ ಹಾಗಿಲ್ಲ, ಟೋಪಿ ತೆಗೆಯಬೇಕು, ತಿನ್ನುವುದು ಕುಡಿಯುವುದು ಇಲ್ಲ. ಫೋನ್ ಜೇಬಲ್ಲೇ ಇರಲಿ.

ರೇಟು ಕೋಣೆಗಲ್ಲ, ತಲೆಗೆ. ಎರಡು ಹೊತ್ತಿನ ಊಟ ಸೇರಿ ಒಬ್ಬರಿಗೆ 10,000 ಯೆನ್ ದಾಟಿಯೇ ಶುರು, 20,000 ಮೀರುವ ಕಡೆಗಳೂ ಇವೆ. ಬುಕ್ ಮಾಡುವಾಗ ಇದನ್ನು ಗಮನಿಸಿ ಲೆಕ್ಕ ಹಾಕಿ. ಕೆಲವು ಕಡೆ ಕಾರ್ಡ್ ತಗೊಳ್ಳುವುದಿಲ್ಲ, ನಗದು ಇರಲಿ. ಟಿಪ್ಸ್ ಕೊಡಲು ಹೋಗಬೇಡಿ, ಆ ಪದ್ಧತಿ ಅಲ್ಲಿಲ್ಲ. ಎಲೆ ಕೆಂಪಾಗುವ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಹೋಗುವುದಾದರೆ ಕೆಲವು ತಿಂಗಳು ಮುಂಚೆಯೇ ಕಾದಿರಿಸಿ, ಕುರ್ಚಿಯ ವಿಷಯವನ್ನು ಅವತ್ತೇ ಬರೆಯಿರಿ.