ಮಿನ್ನೆಸೋಟದ ಶಾಸಕರ ಡೇಟಾಬೇಸ್: ಹ್ಯಾನಾ ಕೆಂಪ್‌ಫರ್ ಪುಟವನ್ನು ಓದುವ ಬಗೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಶಾಸಕಾಂಗ ಗ್ರಂಥಾಲಯ ‘ಲೆಜಿಸ್ಲೇಟರ್ಸ್ ಪಾಸ್ಟ್ ಅಂಡ್ ಪ್ರೆಸೆಂಟ್’ ಎಂಬ ಡೇಟಾಬೇಸನ್ನು ಉಚಿತವಾಗಿ ಇಟ್ಟಿದೆ. ಲಾಗಿನ್ ಬೇಡ. ಹಿಂದಿನ, ಇಂದಿನ ಶಾಸಕರಿಗೆ ಒಂದೊಂದು ಪುಟ: ಕ್ಷೇತ್ರ, ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ), ಭಾಗವಹಿಸಿದ ಅಧಿವೇಶನಗಳು, ಸಮಿತಿಗಳು, ವೃತ್ತಿ, ಹುಟ್ಟು-ಸಾವು. ಹಳೆಯ ಶಾಸಕರ ಬದುಕು ಬರೆಯುವವರಿಗೆ ಅಡಿಪಾಯವಾಗಿ ಇದು ಬಲು ಗಟ್ಟಿ. ಆದರೆ ಪುಟದಲ್ಲಿ ಇರುವುದನ್ನು ಹಾಗೇ ನಂಬಿ ಬರೆದರೆ ಎಡವುತ್ತೀರಿ.

ಹ್ಯಾನಾ ಕೆಂಪ್‌ಫರ್ ಅವರನ್ನೇ ಹುಡುಕಿ ನೋಡಿ. 1922ರ ಚುನಾವಣೆಯಲ್ಲಿ ಆ ರಾಜ್ಯದ ಕೆಳಮನೆಗೆ ಮೊದಲ ಬಾರಿ ಆರಿಸಿಬಂದ ನಾಲ್ವರು ಮಹಿಳೆಯರಲ್ಲಿ ಒಬ್ಬರು. 1880ರಲ್ಲಿ ಉತ್ತರ ಸಮುದ್ರದ ಹಡಗಿನಲ್ಲಿ ಹುಟ್ಟಿ, ನಾರ್ವೆಯ ದಂಪತಿಗೆ ದತ್ತು ಹೋಗಿ, ಚಿಕ್ಕಂದಿನಲ್ಲೇ ಮಿನ್ನೆಸೋಟಕ್ಕೆ ಬಂದವರು. ಆಟರ್ ಟೇಲ್ ಕೌಂಟಿಯಲ್ಲಿ ಮೇಷ್ಟ್ರುಗಿರಿ, ಆಮೇಲೆ ಬೇಸಾಯ.

ಮೊದಲು ಎಡವುವ ಜಾಗ ಪಕ್ಷದ ಕಾಲಂ. 1913ರ ಕಾನೂನಿನಿಂದ 1970ರ ದಶಕದವರೆಗೆ ಅಲ್ಲಿ ಶಾಸಕರ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತಿತ್ತು. ಹಾಗಾಗಿ ಆ ಕಾಲದ ಪುಟಗಳಲ್ಲಿ ‘ಪಕ್ಷೇತರ’ ಎಂಬ ಅರ್ಥದ ಮಾತು ಕಂಡರೆ ಅದು ಆ ವ್ಯಕ್ತಿಯ ನಿಲುವಲ್ಲ, ಮತಪತ್ರದ ನಿಯಮ. ಸದನದೊಳಗೆ ‘ಲಿಬರಲ್’, ‘ಕನ್ಸರ್ವೇಟಿವ್’ ಎಂಬ ಬಣಗಳಿದ್ದವು. ಯಾರು ಯಾವ ಕಡೆ ಎಂಬುದು ಪುಟದಲ್ಲಿ ಇಲ್ಲದಿದ್ದರೆ ಮತದಾನದ ದಾಖಲೆಗೆ ಹೋಗಬೇಕು. ಕ್ಷೇತ್ರದ ಸಂಖ್ಯೆಯೂ ಹೀಗೆಯೇ. ಈಗಿನ ನಕ್ಷೆಯ ಜೊತೆ ಅದನ್ನು ತಾಳೆ ಹಾಕಬೇಡಿ, ಕೌಂಟಿಯ ಹೆಸರನ್ನು ಹಿಡಿಯಿರಿ. ಆಗ ಒಂದೇ ಕ್ಷೇತ್ರದಿಂದ ಇಬ್ಬರು ಮೂವರು ಬರುತ್ತಿದ್ದುದೂ ಉಂಟು.

ಎರಡನೆಯದು ಅವಧಿ. ಕೆಂಪ್‌ಫರ್ 1923ರಿಂದ 1942ರವರೆಗೆ ಇದ್ದರು ಎಂದು ಒಂದೇ ಗೆರೆಯಲ್ಲಿ ಬರೆದುಬಿಡುವವರಿದ್ದಾರೆ. ನಡುವೆ 1931ರ ಅಧಿವೇಶನದಲ್ಲಿ ಅವರಿರಲಿಲ್ಲ. ಅಧಿವೇಶನಗಳ ಪಟ್ಟಿ ನೋಡಿದರೆ ಬಿಟ್ಟ ಜಾಗ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿಗೆ ಇನ್ನೊಂದು ಉಪಯೋಗವಿದೆ: ಆ ಕಾಲದಲ್ಲಿ ಸಾಮಾನ್ಯ ಅಧಿವೇಶನ ನಡೆಯುತ್ತಿದ್ದುದು ಬೆಸ ವರ್ಷಗಳಲ್ಲಿ, ಜನವರಿಯಿಂದ ವಸಂತದವರೆಗೆ. ಪತ್ರಿಕೆ ಹುಡುಕುವಾಗ ಮೊದಲು ಆ ತಿಂಗಳುಗಳನ್ನೇ ಜಾಲಾಡಿ.

ಪತ್ರಿಕೆ ಏಕೆ ಬೇಕು? ಸದನದ ಜರ್ನಲ್‌ನಲ್ಲಿ ಮಸೂದೆ, ಸೂಚನೆ, ಮತ ಎಲ್ಲ ಸಿಗುತ್ತದೆ, ಭಾಷಣ ಸಿಗುವುದಿಲ್ಲ. ಮೀನು ಹಿಡಿಯಲು ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನಿನ ಪರ ಕೆಂಪ್‌ಫರ್ ನಿಂತಾಗ ಎದ್ದ ಗದ್ದಲದ ಬಿಸಿ ಜರ್ನಲ್ ಓದಿದರೆ ತಟ್ಟುವುದಿಲ್ಲ. ಇಲ್ಲಿ ಹೆಚ್ಚಿನವರು ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹ ‘ಕ್ರಾನಿಕ್ಲಿಂಗ್ ಅಮೆರಿಕ’ಕ್ಕೆ ಓಡುತ್ತಾರೆ. ಆ ಸಂಗ್ರಹ ಬಹುಕಾಲ 1922ರವರೆಗಿನ ಪತ್ರಿಕೆಗಳಿಗೇ ನಿಂತಿತ್ತು, ಮುಂದಿನ ವರ್ಷಗಳವು ತಡವಾಗಿ ಸೇರಿದವು. ಕೆಂಪ್‌ಫರ್ ಶಾಸಕಿಯಾದದ್ದೇ ಆ ಗಡಿಯ ಆಚೆ! ಇವರ ವಿಷಯಕ್ಕೆ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಡಿಜಿಟಲ್ ಪತ್ರಿಕಾ ಸಂಗ್ರಹವೇ ಮೇಲು.

ಎರಡರಲ್ಲೂ ಹುಡುಕಾಟ ನಡೆಯುವುದು ಯಂತ್ರ ಓದಿದ ಅಕ್ಷರಗಳ ಮೇಲೆ. ಮಸುಕಾದ ಮೈಕ್ರೋಫಿಲ್ಮ್‌ನಲ್ಲಿ ‘ಎಫ್’ ಹೋಗಿ ‘ಟಿ’ ಆಗಬಹುದು, ಕಾಲಂ ಅಂಚಿನಲ್ಲಿ ಹೆಸರು ಎರಡು ತುಂಡಾಗಬಹುದು. ಬರೀ ಮನೆತನದ ಹೆಸರು ಹಾಕಿ, ಜೊತೆಗೆ ಕೌಂಟಿ ಅಥವಾ ಊರನ್ನು ಸೇರಿಸಿ. ಹೆಂಗಸರನ್ನು ಹುಡುಕುವಾಗ ಗಂಡನ ಹೆಸರಿನ ಮುಂದೆ ‘ಮಿಸೆಸ್’ ಹಚ್ಚಿಯೂ ಒಮ್ಮೆ ನೋಡಲೇಬೇಕು: ಅದೇ ವರ್ಷ ಗೆದ್ದ ಮೇಬೆತ್ ಹರ್ಡ್ ಪೇಜ್ ಅವರು ‘ಮಿಸೆಸ್ ಜೇಮ್ಸ್ ಪೇಜ್’ ಆಗಿ ಅಡಗಿರುತ್ತಾರೆ.

ವ್ಯಕ್ತಿಚಿತ್ರಕ್ಕೆ ರಾಜ್ಯದ ‘ಲೆಜಿಸ್ಲೇಟಿವ್ ಮ್ಯಾನುವಲ್’ ಕೂಡ ಇದೆ, ನೀಲಿ ಪುಸ್ತಕ ಎಂದೇ ಹೆಸರುವಾಸಿ. ಆದರೆ ಆ ಪರಿಚಯಗಳು ಒಂದು ಪ್ಯಾರಾ ದಾಟುವುದು ಅಪರೂಪ, ಮತ್ತು ಅಲ್ಲಿ ಸದಸ್ಯರ ಬಗ್ಗೆ ಕೆಟ್ಟ ಮಾತು ಹುಡುಕಿದರೂ ಸಿಗದು. ಡೇಟಾಬೇಸ್ ಪುಟದ ಕೊನೆಗೆ ಹೆಚ್ಚಿನ ಓದಿಗೆ ಕೊಂಡಿಗಳಿದ್ದರೆ ಮೊದಲು ಅವನ್ನು ತೆರೆಯಿರಿ. ಎಲ್ಲರ ಪುಟದಲ್ಲೂ ಅವು ಇರುವುದಿಲ್ಲ.