ಓತಿಕ್ಯಾತದ ಮೆದುಳಿಗೆ ನ್ಯೂರೋಪೆಪ್ಟೈಡ್ ವೈ ಆ್ಯಂಟಿಬಾಡಿ: ಎರಡು ಮಳೆಗಾಲಗಳ ಬಳಕೆಯ ನಂತರ

ನರಕೋಶಗಳು ಸಂದೇಶಕ್ಕಾಗಿ ಬಳಸುವ ನ್ಯೂರೋಪೆಪ್ಟೈಡ್ ವೈ ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಮೆದುಳಿನಲ್ಲಿ ಎಲ್ಲಿದೆ ಎಂದು ಅದಕ್ಕೆ ಅಂಟಿಕೊಂಡು ಬಣ್ಣದ ಮೂಲಕ ತೋರಿಸುವ, ಮೊಲದಿಂದ ಪಡೆದ ಈ ಪಾಲಿಕ್ಲೋನಲ್ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣವಾದ) ಆ್ಯಂಟಿಬಾಡಿಯನ್ನು ನಮ್ಮ ಪ್ರಯೋಗಾಲಯದಲ್ಲಿ ಎರಡು ಮಳೆಗಾಲಗಳಿಂದ ಬಳಸುತ್ತಿದ್ದೇವೆ. ಓತಿಕ್ಯಾತ ಮುಖ್ಯವಾಗಿ ಮಳೆಗಾಲದಲ್ಲೇ ಮೊಟ್ಟೆಯಿಡುವುದರಿಂದ ಭ್ರೂಣಗಳ ಕೆಲಸವೆಲ್ಲ ಆ ಕೆಲವೇ ತಿಂಗಳುಗಳಲ್ಲಿ ಮುಗಿಯಬೇಕು. ಜೊತೆಗೆ ಬರುವ ಮಾಹಿತಿ ಹಾಳೆಯಲ್ಲಿ ಇಲಿ ಮತ್ತು ಮನುಷ್ಯರ ಹೆಸರಿದೆ, ಸರೀಸೃಪದ ಮಾತೇ ಇಲ್ಲ. ಆದರೂ ಕೊಂಡೆವು. 1982ರಲ್ಲಿ ಹಂದಿಯ ಮೆದುಳಿನಿಂದ ಬೇರ್ಪಡಿಸಲಾದ ಈ ಪೆಪ್ಟೈಡಿನ 36 ಅಮೈನೋ ಆಮ್ಲಗಳ ಸರಣಿ ಕಶೇರುಕಗಳಲ್ಲಿ ಬಹಳ ಕಡಿಮೆ ಬದಲಾಗಿದೆ ಎಂಬುದೇ ನಮ್ಮ ಧೈರ್ಯಕ್ಕೆ ಆಧಾರವಾಗಿತ್ತು.

ವಯಸ್ಕ ಮೆದುಳಿನಲ್ಲಿ ಫಲಿತಾಂಶ ನಿಜಕ್ಕೂ ಸುಂದರವಾಗಿದೆ. ಕಾರ್ಟೆಕ್ಸ್ ಮತ್ತು ಸ್ಟ್ರೈಯೇಟಮ್‌ನಲ್ಲಿ ಬಿಡಿಬಿಡಿಯಾಗಿ ಹರಡಿದ ನರಕೋಶಗಳು, ಹೈಪೋಥಲಾಮಸ್‌ನ ತಳಭಾಗದ ಕೋಶಗಳ ಗುಂಪು, ಅಲ್ಲಿಂದ ಪಿಟ್ಯುಟರಿ ಗ್ರಂಥಿಯ ಬಳಿಯ ಮೀಡಿಯನ್ ಎಮಿನೆನ್ಸ್‌ನತ್ತ ಮಣಿ ಪೋಣಿಸಿದಂತೆ ಸಾಗುವ ತಂತುಗಳು, ಎಲ್ಲವೂ ತಿಳಿ ಹಿನ್ನೆಲೆಯ ಮೇಲೆ ಕಂದು ಬಣ್ಣದಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಆ್ಯಂಟಿಬಾಡಿಯನ್ನು ಮೊದಲೇ ಶುದ್ಧ ಪೆಪ್ಟೈಡಿನೊಡನೆ ರಾತ್ರಿಯಿಡೀ ಬೆರೆಸಿಟ್ಟು ನಂತರ ಬಳಸಿದಾಗ ಈ ಬಣ್ಣ ಪೂರ್ತಿ ಮಾಯವಾಯಿತು. ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು: ಆ್ಯಂಟಿಬಾಡಿ ಆ ಪೆಪ್ಟೈಡಿಗೆ ಅಂಟುತ್ತದೆ ಎಂದಷ್ಟೇ ಅದು ತೋರಿಸುತ್ತದೆ, ಓತಿಕ್ಯಾತದ ಕೋಶದಲ್ಲಿರುವುದು ಅದೇ ಪೆಪ್ಟೈಡ್, ಅದೇ ಕುಟುಂಬದ ಪೆಪ್ಟೈಡ್ ವೈವೈ ಅಲ್ಲ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಆದ್ದರಿಂದ ನಮ್ಮ ಬರವಣಿಗೆಯಲ್ಲೆಲ್ಲ ‘ನ್ಯೂರೋಪೆಪ್ಟೈಡ್ ವೈ ಸದೃಶ’ ಎಂಬ ಪದವನ್ನೇ ಉಳಿಸಿಕೊಂಡಿದ್ದೇವೆ.

ಭ್ರೂಣಗಳಲ್ಲಿ ಕಷ್ಟ ಹೆಚ್ಚು. ಎಳೆಯ ಮೆದುಳು ಮೃದು, ಒಳಗಿನ ಕುಹರಗಳು ದೊಡ್ಡವು, ತೆಳುವಾಗಿ ಕತ್ತರಿಸಿದ ಸೆಕ್ಷನ್‌ಗಳು ಹರಿಯುತ್ತವೆ. ಕಂದು ಬಣ್ಣ ಮೂಡಿಸುವ ಪೆರಾಕ್ಸಿಡೇಸ್ ಕಿಣ್ವ ರಕ್ತಕಣಗಳಲ್ಲಿ ಸ್ವಂತವಾಗಿಯೂ ಇದ್ದು, ಅದೂ ಕಂದಾಗಿ ಕಾಣಿಸಿ ಕಣ್ಣಿಗೆ ಮೋಸ ಮಾಡುತ್ತದೆ. ಆ ಕಿಣ್ವವನ್ನು ಅಡಗಿಸುವ ಹೈಡ್ರೋಜನ್ ಪೆರಾಕ್ಸೈಡಿನ ಉಪಚಾರವನ್ನು ಎಚ್ಚರಿಕೆಯಿಂದ ಮಾಡಿ, ಆ್ಯಂಟಿಬಾಡಿಯನ್ನು ವಯಸ್ಕ ಮೆದುಳಿಗಿಂತಲೂ ತೆಳುವಾಗಿಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ರಾತ್ರಿ ಇಟ್ಟ ಮೇಲೆ ಹಿನ್ನೆಲೆ ತಿಳಿಯಾಯಿತು. ಭ್ರೂಣದ ಯಾವುದೋ ಹಂತದಲ್ಲಿ ಬಣ್ಣ ಬರಲಿಲ್ಲವೆಂದರೆ ಅಲ್ಲಿ ಆ ಜೀನ್ ಕೆಲಸವನ್ನೇ ಆರಂಭಿಸಿಲ್ಲ ಎಂದು ತೀರ್ಮಾನಿಸಬಾರದು, ಏಕೆಂದರೆ ಆ್ಯಂಟಿಬಾಡಿಗೆ ಸಿಗುವಷ್ಟು ಪೆಪ್ಟೈಡ್ ಕೋಶದಲ್ಲಿ ಕೂಡಿಕೊಳ್ಳುವ ಮೊದಲೇ ಅದರ ಆರ್‌ಎನ್‌ಎ ತಯಾರಾಗುತ್ತಿರಬಹುದು.

ದೂರು ಇರುವುದು ಕಂಪನಿಯ ಸೇವೆಯ ಬಗ್ಗೆ. ಎರಡನೆಯ ಸೀಸೆ ಬೇರೆ ಸಲ ತಯಾರಿಸಿದ್ದು, ಅಂದರೆ ಬೇರೆ ಲಾಟ್‌ನದು. ಅದೇ ಪ್ರಮಾಣದಲ್ಲಿ ತೆಳುವಾಗಿಸಿದರೂ ಬಣ್ಣ ಅತಿಯಾಗಿ ಗಾಢವಾಯಿತು. ಹಳೆಯ ಸೀಸೆಯನ್ನು ಸಣ್ಣ ಪಾಲುಗಳಾಗಿ ಫ್ರೀಜರಿನಲ್ಲಿ ಇಟ್ಟಿದ್ದರಿಂದ ಮಾತ್ರ ಎರಡನ್ನೂ ಒಂದೇ ಮೆದುಳಿನ ಅಕ್ಕಪಕ್ಕದ ಸೆಕ್ಷನ್‌ಗಳಲ್ಲಿ ಹೋಲಿಸಿ ಸರಿಪಡಿಸಿಕೊಳ್ಳಲು ಸಾಧ್ಯವಾಯಿತು. ಮೊಲಕ್ಕೆ ಚುಚ್ಚಿದ್ದು ಪೆಪ್ಟೈಡಿನ ಯಾವ ಭಾಗ ಎಂದು ಕೇಳಿದ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಇದೇ ಕಂಪನಿಯ, ಸಸ್ತನಿಗಳ ವಾಸೋಪ್ರೆಸಿನ್ ಹಾರ್ಮೋನನ್ನು ಗುರುತಿಸುವ ಆ್ಯಂಟಿಬಾಡಿಯನ್ನು ಸರೀಸೃಪಗಳಿಗೆ ಶಿಫಾರಸು ಮಾಡಲಾರೆ. ಇವುಗಳಲ್ಲಿರುವುದು ಅದರ ಬದಲಿಗೆ ವಾಸೋಟೋಸಿನ್, ಅದಕ್ಕೂ ಇವುಗಳಲ್ಲೇ ಇರುವ ಇನ್ನೊಂದು ಹಾರ್ಮೋನ್ ಮೀಸೋಟೋಸಿನ್‌ಗೂ ಒಂಬತ್ತರಲ್ಲಿ ಒಂದೇ ಅಮೈನೋ ಆಮ್ಲದ ವ್ಯತ್ಯಾಸ. ಇವೆರಡನ್ನೂ ಬೇರ್ಪಡಿಸಿ ತೋರಿಸಿದ ಆ್ಯಂಟಿಬಾಡಿಗೆ ಹೆಚ್ಚು ಹಣ ಕೊಡುವುದೇ ಲೇಸು. ನ್ಯೂರೋಪೆಪ್ಟೈಡ್ ವೈ ಸೀಸೆಯನ್ನಂತೂ ನಾವು ಮತ್ತೆ ತರಿಸುತ್ತೇವೆ, ಇಡೀ ಅಧ್ಯಯನಕ್ಕೆ ಬೇಕಾಗುವಷ್ಟನ್ನು ಒಂದೇ ಲಾಟ್‌ನಿಂದ.